ಬಣ್ಣದಮ್ಮ ಗವಿಯಲ್ಲಿ ಕೂತ ದಿನ

ಮೊನ್ನೆ ನಿಮ್ಮಲ್ಲಿ ಯಾರೋ ಮೇಣದ ಬಳಪದ ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಮರೆತು ಹೋಗಿದ್ದಿರಿ. ಮಧ್ಯಾಹ್ನದ ಹೊತ್ತಿಗೆ ಕೆಂಪು, ಹಳದಿ ಎಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒರೆಸಲು ಹೋದೆ. ಆ ಮೇಣದ ವಾಸನೆ ಮೂಗಿಗೆ ಬಂದದ್ದೇ ತಡ, ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ ಮಕ್ಕಳೇ.

ಅದು ಅರವತ್ತರ ದಶಕ. ನನಗೆ ಇಪ್ಪತ್ತೋ ಇಪ್ಪತ್ತೊಂದೋ. ಸತ್ತೇಗಾಲದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ, ಮದುವೆಯಾಗಿ, ಕೊಳ್ಳೇಗಾಲದ ಹೊರಗಿದ್ದ ಒಂದು ಆಸ್ಪತ್ರೆಯ ಕ್ವಾರ್ಟರ್ಸಿಗೆ ಬಂದಿದ್ದೆ. ನಿಮ್ಮ ತಾತ ಅಲ್ಲಿ ಕಾಂಪೌಂಡರ್. ಕುಷ್ಠ ಎನ್ನಲು ಹೆದರಿ ಜನ ದೊಡ್ಡರೋಗ ಎನ್ನುತ್ತಿದ್ದರಲ್ಲ, ಆ ರೋಗಿಗಳ ಆಸ್ಪತ್ರೆ.

ಅಲ್ಲಿಗೆ ಒಬ್ಬ ಬಿಳಿಯ ಹೆಂಗಸು ಬಂದರು. ಎರಡು ವರ್ಷ ಸಂಬಳವಿಲ್ಲದೆ ದುಡಿಯಲು ಸಮುದ್ರ ದಾಟಿ ಬಂದವರು. ಡಾಕ್ಟರಲ್ಲ, ನರ್ಸೂ ಅಲ್ಲ. ರೋಗಿಗಳ ಕೈಯಲ್ಲಿ ಚಿತ್ರ ಬರೆಸುವುದೇ ಅವರ ಚಿಕಿತ್ಸೆ. ಎಲ್ಲರೂ ಅವರನ್ನು ಬಣ್ಣದಮ್ಮ ಎಂದೇ ಕರೆದರು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರಿಂದ ಡಾಕ್ಟರಿಗೂ ಒಮ್ಮೆ "ಉಂಡ್ಯೇನ್ಲಾ?" ಎಂದು ಕೇಳಿ ವಾರ್ಡನ್ನೆಲ್ಲ ನಗಿಸಿದ್ದರು. ಡಾಕ್ಟರು ಗಂಭೀರವಾಗಿ, "ಇನ್ನೂ ಇಲ್ಲ ಕಣಮ್ಮಿ" ಅಂದರು.

ನನ್ನ ಕೆಲಸ, ಸ್ಪರ್ಶವಿಲ್ಲದ ಆ ಬೆರಳುಗಳಿಗೆ ಹಳೇ ಸೀರೆಯ ಚೂರಿನಿಂದ ಕುಂಚ ಕಟ್ಟುವುದು. ಬಿಗಿಯಾದರೆ ಗಾಯ, ಸಡಿಲವಾದರೆ ಕುಂಚ ಜಾರುತ್ತದೆ. ಹನೂರು ಕಡೆಯ ಒಬ್ಬ ಮುದುಕಿ ದಿನಾ ಒಲೆಯೊಂದನ್ನೇ ಬರೆಯುತ್ತಿದ್ದಳು. ಇದೇನು ಎಂದು ಬಣ್ಣದಮ್ಮ ಯಾರನ್ನೂ ಕೇಳುತ್ತಿರಲಿಲ್ಲ. ಕಾಗದ ಕೊಟ್ಟು ಪಕ್ಕದಲ್ಲಿ ಕೂರುವರು, ಅಷ್ಟೇ. ಎಷ್ಟೋ ತಿಂಗಳಾದ ಮೇಲೆ ಮುದುಕಿ ತಾನಾಗಿ ಹೇಳಿದಳು: "ಈ ಒಲೆಯ ಈಗ ನನ್ ಸೊಸೆ ಅಚ್ತಾಳೆ. ನನ್ನ ಒಳಿಕ್ಕೆ ಬುಡಕಿಲ್ಲ." ಅವತ್ತು ಅವಳು ಅತ್ತು, ಉಂಡು, ಚೆನ್ನಾಗಿ ನಿದ್ದೆ ಮಾಡಿದಳು. ನನ್ನ ಮುಂದೆಯೂ ಬಣ್ಣದಮ್ಮ ಕಾಗದ ಇಡುತ್ತಿದ್ದರು. ನಾನು ನಾಚಿ ನೀರು ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಅಷ್ಟು ಜನರ ಸಂಕಟ ನೋಡುತ್ತಿದ್ದ ಅವರಿಗೆ ಮಾತ್ರ ನೆಮ್ಮದಿ ಇರಲಿಲ್ಲ. ರಜೆ ಬಂದರೆ ಯಳಂದೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬೆಟ್ಟದ ತಪ್ಪಲಿನ ಒಂದು ಸಣ್ಣ ಮಠಕ್ಕೆ ನಡೆಯುವರು. ಮಠದ ಹಿಂದೆ ಧ್ಯಾನಕ್ಕೆಂದೇ ಒಂದು ಗವಿ. ಬಾಯಿಗೆ ಕಾವಿ ಬಟ್ಟೆಯ ಪರದೆ. ಪರದೆ ಇಳಿಬಿಟ್ಟರೆ ಒಳಗಿದ್ದವರನ್ನು ಯಾರೂ ಕರೆಯುವಂತಿಲ್ಲ. ಎರಡು ಸಲ ಜೊತೆಗೆ ನಾನೂ ಹೋಗಿದ್ದೆ. ನಾನು ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಅಮ್ಮ ಹೊರಗೆ ಬಂದು, "ಇವತ್ತೂ ಆಗ್ನಿಲ್ಲ. ತಲೆ ಒಳ್ಗೆ ಸಂತೆ" ಎನ್ನುವರು.

ಒಂದು ರಜೆಯ ದಿನ ಅವರೊಬ್ಬರೇ ಹೋಗಿದ್ದರು. ಬೆಳಿಗ್ಗೆ ಅವರ ಹೆಸರಿಗೆ ತಂತಿ ಬಂತು. ಡಾಕ್ಟರು ಆಸ್ಪತ್ರೆಯ ಜೀಪಿನಲ್ಲಿ ಪಾಲಾರ್ ಕಡೆಗೆ ಹೋಗಿದ್ದರು. ನಿಮ್ಮ ತಾತ ಓದಿ, ಔಷಧಿಗೆ ನಿಂತಿದ್ದ ಸಾಲನ್ನು ಬಿಡಲಾರದೆ ನನ್ನನ್ನು ಕರೆದರು.

"ಅವ್ರವ್ವಂಗೆ ಬಾಳ ಸೀರಿಯಸ್ಸಂತೆ. ಎಲ್ಡೂವರೆ ಬಸ್ಗೆ ಅತ್ತಿಸ್ಬುಡು, ಮೈಸೂರಲ್ಲಿ ರೈಲು ಸಿಕ್ತದೆ. ದಾರೀಲಿ ಯಾರ್ಗೂ ಏಳ್ಬ್ಯಾಡ."

ತಂತಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟೆ. ಮಠ ಸೇರಿದಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗವಿಯ ಪರದೆ ಇಳಿದಿತ್ತು. ಈಗ ಬಂದಾರು ಎಂದು ಎದುರಿನ ಕಲ್ಲಿನ ಮೇಲೆ ಕೂತೆ. ಎದ್ದೆ. ಪರದೆಯ ಹತ್ತಿರ ಹೋದೆ, ಉಸಿರೂ ಕೇಳಲಿಲ್ಲ. ವಾಪಸು ಬಂದು ಕೂತೆ. ಗಂಟು ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ... ಕಾಗದ ಬೆವರಿಗೆ ಒದ್ದೆಯಾಯಿತು.

ಮಠ ನೋಡಿಕೊಳ್ಳುತ್ತಿದ್ದ ಮುದುಕ ಅಯ್ಯನವರು ಮಜ್ಜಿಗೆ ತಂದುಕೊಟ್ಟರು. "ಸಾವಿನ್ ಮನೆ ಮುಂದ್ಕೆ ಬಂದೋಳಂಗೆ ಕುಂತಿದ್ದೀಯಲ್ಲವ್ವ, ಏನ್ ಸಮಾಚಾರ?"

"ಏನಿಲ್ಲ ಬುದ್ದಿ" ಅಂದೆ.

ಗಂಡ ಯಾರಿಗೂ ಹೇಳಬೇಡ ಅಂದಿದ್ದರು, ನಿಜ. ಆದರೆ ಹೇಳದಿದ್ದುದು ಅದಕ್ಕಲ್ಲ. ಗುರುತಿಲ್ಲದ ಗಂಡಸರ ಎದುರು ನನಗೆ ದನಿಯೇ ಹೊರಡುತ್ತಿರಲಿಲ್ಲ. ಜೊತೆಗೆ ಇನ್ನೊಂದಿತ್ತು. ವರ್ಷದಿಂದ ಆಗದಿದ್ದುದು ಅಮ್ಮನಿಗೆ ಇವತ್ತು ಆಗಿದೆ ಎಂದು ನನಗೆ ಹೊಳೆದಿತ್ತು. ಅದನ್ನು ಕೆಡಿಸುವ ಧೈರ್ಯ ಸಾಲಲಿಲ್ಲ. ಇನ್ನೊಂದು ಚೂರು, ಇನ್ನೊಂದೇ ಚೂರು ಎಂದುಕೊಂಡು ಕೂತೆ. ಬಯಲಿನಾಚೆ ರಸ್ತೆಯಲ್ಲಿ ದೂಳೆದ್ದಿತು. ಮೈಸೂರಿನ ಬಸ್ಸು ಹೋಗುವುದನ್ನು ಕಣ್ಣಾರೆ ನೋಡಿದೆ.

ಅಮ್ಮ ಪರದೆ ಸರಿಸಿದಾಗ ಹೊತ್ತು ತೆಂಗಿನ ಮರಗಳ ಮಟ್ಟಕ್ಕೆ ಇಳಿದಿತ್ತು. ಅವರ ಮುಖ ಆಗ ತಾನೆ ಎಣ್ಣೆ ನೀರು ಹಾಕಿಸಿಕೊಂಡ ಮಗುವಿನ ಮುಖದಂತಿತ್ತು. ನನ್ನನ್ನು ಕಂಡು ಕೈ ಹಿಡಿದುಕೊಂಡರು. "ಆಯ್ತು ಕಣೆ. ಇವತ್ತು ಕೂತೆ" ಅಂದರು.

ನಾನು ತಂತಿ ಕೊಟ್ಟೆ. ಓದಿದರು. ಎರಡು ಸಲ ಓದಿ, "ನನ್ ಅವ್ವಂಗೆ ಸೀರಿಯಸ್ಸು" ಅಂದರು.

"ಯಾವಾಗ ಬಂದೆ?"

"ಈಗ" ಅಂದೆ.

ಹಿಂದೆ ಅಯ್ಯನವರು ನಿಂತಿದ್ದರು. ಅಮ್ಮ ಚೀಲ ತರಲು ಒಳಗೆ ಹೋದಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಏಳಿದ್ರೆ ನಾನೇ ಕರೀತಿದ್ನಲ್ಲವ್ವ. ಎತ್ತವ್ವನ ಇಸ್ಯಕ್ಕೆ ಯಾವ ನೇಮ?" ಅಂದರು. ಅಮ್ಮನ ಎದುರು ಮಾತ್ರ ನನ್ನನ್ನು ಬಿಟ್ಟುಕೊಡಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವರು ಹೋದರು. ಒಂದು ತಿಂಗಳಿಗೆ ಡಾಕ್ಟರಿಗೆ ಕಾಗದ ಬಂತು. ಅವರು ಮನೆ ಮುಟ್ಟುವ ಹಿಂದಿನ ದಿನ ತಾಯಿಯನ್ನು ಮಣ್ಣು ಮಾಡಿದ್ದರಂತೆ. ಒಂದೇ ದಿನ. ನಿಮ್ಮ ತಾತ ಅದನ್ನು ಓದಿ ಹೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಎಷ್ಟು ಹೊತ್ತು ಆರಿಸಿದೆನೋ, ಕಲ್ಲನ್ನೆಲ್ಲ ಅಕ್ಕಿಯ ಕಡೆಗೇ ಹಾಕಿದ್ದೆ.

ಉಳಿದ ಕೆಲಸ ಮುಗಿಸಲು ಅವರು ಮತ್ತೆ ಬಂದರು. ಅದೇ ನಗು, ಅದೇ ಕನ್ನಡ. ಗವಿಗೆ ಮಾತ್ರ ಹೋಗಲಿಲ್ಲ. ಒಲೆ ಬರೆಯುವ ಮುದುಕಿ ಯಾಕೆಂದು ಕೇಳಿದಳು. "ಕೂತ್ರೆ ಅವತ್ತಿನಂಗೇ ಆಗ್ಬುಡ್ತದೆ. ಅದೇ ಭಯ" ಅಂದರು. ನಾನು ಕುಂಚ ಕಟ್ಟುತ್ತಿದ್ದೆ. ಆ ಮುದುಕಿಯ ಬೆರಳಿಗೆ ಎಷ್ಟು ಬಿಗಿದೆನೆಂದರೆ, ಅಮ್ಮ ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಳ್ಳಬೇಕಾಯಿತು. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕಾಗದ, ಮೇಣದ ಬಳಪ ಮುಂದಿಟ್ಟು ಪಕ್ಕದಲ್ಲಿ ಕೂತರು.

ಆ ದಿನ ನಾನು ಎದ್ದು ಹೋಗಲಿಲ್ಲ. ಗವಿ ಬರೆದೆ, ಪರದೆ ಬರೆದೆ. ಎದುರಿನ ಕಲ್ಲಿನ ಮೇಲೆ ಒಬ್ಬ ಹೆಂಗಸನ್ನು ಬರೆದೆ. ಅವಳ ಸೆರಗಿಗೆ ಒಂದು ಗಂಟು. ಆಮೇಲೆ ಹಳದಿ ಬಳಪ ತೆಗೆದುಕೊಂಡು ಸೂರ್ಯನನ್ನು ಅವಳ ನೆತ್ತಿಯ ಮೇಲೆ ನೇರವಾಗಿ ಇಟ್ಟೆ. ಒತ್ತಿದ ರಭಸಕ್ಕೆ ಬಳಪ ಮುರಿಯಿತು.

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಆ ಸೂರ್ಯನನ್ನು ಮುಟ್ಟಿದರು. ಬೈಯಲಿ ಎಂದು ಕಾಯುತ್ತಿದ್ದೆ.

"ಅಷ್ಟೊತ್ತೂ ಬಿಸ್ಲಲ್ಲೇ ಕೂತಿದ್ದಾ?" ಅಂದರು, ಅಷ್ಟೇ.

ಆ ಬೇಸಿಗೆಯಲ್ಲಿ ತಮ್ಮ ದೇಶಕ್ಕೆ ಹೊರಟುಹೋದರು. ಆ ಕಾಗದವನ್ನು ತೆಗೆದುಕೊಂಡು ಹೋದರೋ, ರೋಗಿಗಳ ಚಿತ್ರಗಳ ಜೊತೆ ಬೀರುವಿನಲ್ಲಿಟ್ಟರೋ... ಕೇಳಲಿಲ್ಲ. ವಿಳಾಸ ಬರೆದುಕೊಟ್ಟಿದ್ದರು, ಕಾಗದ ಬರೆಯಲಿಲ್ಲ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಈಗ ಇರಲಾರರು.

ಅವರ ಜೀವಮಾನದ ಆ ಒಂದು ದಿನವನ್ನು ಉಳಿಸಿದೆನೋ, ಅವರ ತಾಯಿಯ ಮುಖ ತಪ್ಪಿಸಿದೆನೋ ಎಂದು ಈಗಲೂ ಬೆಳಗಿನ ಜಾವ ಎಚ್ಚರವಾದರೆ ಹೊರಳಾಡುತ್ತೇನೆ. ಎರಡೂ ನಿಜ ಎಂದುಕೊಂಡರೂ ಸಮಾಧಾನವಾಗುವುದಿಲ್ಲ. ನಿಮ್ಮ ತಾತನಿಗೆ ಅವತ್ತು, ಕೊಳ್ಳೇಗಾಲದಿಂದ ನಾನು ಹೋದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು ಅಂದಿದ್ದೆ. "ಪಾಪ, ನೀನಾದ್ರೂ ಏನ್ ಮಾಡಿಯೆ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ನಲವತ್ತು ವರ್ಷ ಒಟ್ಟಿಗೆ ಬಾಳಿ, ಅದನ್ನೇ ನಂಬಿಕೊಂಡು ಹೋದರು.