ಮೂವರಿಗೆಂದು ಕಾಯ್ದಿರಿಸಿದ ಕೋಣೆ

ಸತ್ತವರು ಬಂದು ಮಾತಾಡಿದರು, ಮುಂದೆ ಆಗುವುದು ಮೊದಲೇ ಕಂಡಿತು ಎಂದು ಯಾರಾದರೂ ಶುರುಮಾಡಿದರೆ ನಾನು ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುವವಳು. ನನ್ನ ಕೆಲಸವೇ ಅಂಥದ್ದು. ಕೊಳವೆಬಾವಿಗಳ ನೀರನ್ನು ಪರೀಕ್ಷಿಸುವುದು, ಒಂದು ಸಲ ಬಂದ ಫಲಿತಾಂಶವನ್ನು ನಂಬದೆ ಇನ್ನೊಮ್ಮೆ, ಮತ್ತೊಮ್ಮೆ ನೋಡುವುದು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಎರಡು ಸಾವಿರದ ಹದಿನಾಲ್ಕರ ಮಾತು. ನಾವು ಆಗ ನೈರೋಬಿಯ ಕಿಲೆಲೆಶ್ವಾದಲ್ಲಿ, ಮೂರನೇ ಮಹಡಿಯ ಒಂದು ಫ್ಲಾಟಿನಲ್ಲಿದ್ದೆವು. ನನ್ನ ಗಂಡ ರಘು ಒಂದು ಟೆಲಿಕಾಂ ಕಂಪನಿಯಲ್ಲಿದ್ದರು. ಅವರ ಆಫೀಸು ರಿವರ್‌ಸೈಡಿನಲ್ಲಿ, ನನ್ನದು ಅಲ್ಲಿಂದ ಹತ್ತು ನಿಮಿಷದ ದೂರದಲ್ಲಿ. ಮಗಳು ಇಂಚರಳಿಗೆ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಮೈಸೂರಿನ ಹಾಸ್ಟೆಲಿನ ದಿನಗಳಿಂದಲೂ ರಘುವಿಗೆ ಒಂದೇ ಆಸೆ. ಬಾರ್ಸಿಲೋನಾಕ್ಕೆ ಹೋಗಬೇಕು, ಅಲ್ಲಿಯ ಫುಟ್‌ಬಾಲ್ ಮೈದಾನದಲ್ಲಿ ಕೂತು ಒಂದು ಆಟ ನೋಡಬೇಕು. ಮದುವೆ, ಮನೆ ಸಾಲ, ಅವರ ತಂದೆಯ ಕಾಯಿಲೆ ಎಂದು ಅದು ಮುಂದೆ ಹೋಗುತ್ತಲೇ ಇತ್ತು. ಆ ವರ್ಷ ಏಪ್ರಿಲ್ ರಜೆಗೆ ಹೊರಡುವುದೆಂದು ಗಟ್ಟಿ ಮಾಡಿಕೊಂಡೆವು. ಒಂಬತ್ತು ದಿನ. ಊಟದ ಮೇಜಿನ ಮೇಲೆ ಆ ಊರಿನ ನಕ್ಷೆ ಹರಡಿಕೊಂಡು ಅಪ್ಪ ಮಗಳು ಇಬ್ಬರೂ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು, ಅಳಿಸುವುದು. ಹೋಟೆಲುಗಳು ತುಂಬ ದುಬಾರಿ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಪಿಲಾರ್ ಎಂಬ ವಯಸ್ಸಾದ ಹೆಂಗಸು ತನ್ನ ಮನೆಯಲ್ಲೇ ಬಾಡಿಗೆಗೆ ಕೊಡುತ್ತಿದ್ದ ಒಂದು ಕೋಣೆಯನ್ನು ಕಾಯ್ದಿರಿಸಿದೆ. ನನ್ನ ಹೆಸರು, ಫೋನ್ ನಂಬರು, ಮೂರು ಜನ. ಅಷ್ಟೇ ಬರೆದಿದ್ದು.

ವೀಸಾ ಅರ್ಜಿಗೆ ಉಳಿದುಕೊಳ್ಳುವ ಮನೆಯವರ ಪತ್ರ ಬೇಕಾಗಿತ್ತು. ಎರಡು ಮೇಲ್ ಹಾಕಿದರೂ ಉತ್ತರ ಬರಲಿಲ್ಲ. ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನೇ ಫೋನ್ ಮಾಡಿದೆ. ರಘು ಇಂಚರಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ಬಾಲ್ಕನಿಯಲ್ಲಿ ಒಳ್ಳೆಯ ಬಿಸಿಲು. ಕೆಳಗೆ ಗೇಟಿನ ಕಾವಲುಗಾರ ಯಾರದೋ ಕಾರು ತೊಳೆಯುತ್ತಿದ್ದ. ಹೆದರಲು ಕಾರಣವಾಗುವಂಥದ್ದು ಏನೂ ಇರಲಿಲ್ಲ ಎಂದು ತಿಳಿಯಲಿ ಅಂತ ಇದನ್ನೆಲ್ಲ ಹೇಳುತ್ತಿದ್ದೇನೆ.

ಆಕೆ ಕೂಡಲೇ ಫೋನ್ ಎತ್ತಿದರು. ಲಂಡನ್ನಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವರಂತೆ, ನಿಧಾನವಾದ ಸ್ವಚ್ಛ ಇಂಗ್ಲಿಷು. ನೈರೋಬಿಯಿಂದ ಮಾತಾಡುತ್ತಿದ್ದೇನೆ ಎಂದಿದ್ದೇ ತಡ, ಅವರ ದನಿ ಮೆತ್ತಗಾಯಿತು.

"ಓ, ನೀನಾ? ದನಿ ಗುರುತು ಸಿಕ್ಕಿತು. ಹೇಗಿದ್ದೀಯಮ್ಮ? ಇಂಚಾರಾ ಹೇಗಿದ್ದಾಳೆ? ಈಗ ನಿದ್ದೆ ಮಾಡುತ್ತಾಳಾ?"

ಮಗಳ ಹೆಸರನ್ನು ನಾನು ಎಲ್ಲೂ ಬರೆದಿರಲಿಲ್ಲ. ಏನು ಹೇಳಬೇಕೆಂದು ತೋಚುವ ಮೊದಲೇ ಆಕೆ ಮುಂದುವರಿಸಿದರು.

"ಈ ಸಲ ಮೂರು ಜನ ಅಂತ ಬರೆದಿದ್ದೀಯ. ಯಾರನ್ನೋ ಜೊತೆಗೆ ಕರೆತರುತ್ತಿದ್ದೀಯ ಅಂತಾಯಿತು. ಒಳ್ಳೆಯದು. ಗಂಡ ಹೋದ ಮೇಲೆ ಒಬ್ಬಳೇ ಇರಬಾರದು. ಮಂಚವನ್ನು ನೀನು ತಿರುಗಿಸಿದ ಹಾಗೇ ಬಿಟ್ಟಿದ್ದೇನೆ. ಉತ್ತರಕ್ಕೆ ತಲೆ ಹಾಕಬಾರದು ಅಂದಿದ್ದೆಯಲ್ಲ?"

ದೇವರು ದೆವ್ವ ಎರಡನ್ನೂ ನಂಬದ ನಾನು, ಉತ್ತರಕ್ಕೆ ತಲೆ ಹಾಕಿ ಮಾತ್ರ ಮಲಗಲಾರೆ. ಚಿಕ್ಕಂದಿನಲ್ಲಿ ಅಮ್ಮ ಮಾಡಿಸಿದ ಅಭ್ಯಾಸ. ಯಾವ ಊರಿಗೆ ಹೋದರೂ ಮೊದಲು ದಿಕ್ಕು ನೋಡಿ ದಿಂಬು ಬದಲಾಯಿಸುತ್ತೇನೆ. ಇದು ರಘುವಿಗೆ ಬಿಟ್ಟು ಹೊರಗಿನವರಿಗೆ ಗೊತ್ತಿರುವ ವಿಷಯವಲ್ಲ.

"ನಾವು ನಿಮ್ಮ ಮನೆಗೆ ಯಾವತ್ತೂ ಬಂದಿಲ್ಲ. ನನ್ನ ಗಂಡ ಚೆನ್ನಾಗಿದ್ದಾರೆ. ಅವರೇ ಆ ಮೂರನೆಯವರು" ಎಂದೆ.

ಆಕೆ, "ಹೌದಾ? ಹಾಗಾದರೆ ನನಗೆ ವಯಸ್ಸಾಯಿತು. ಕ್ಷಮಿಸು" ಎಂದರು. ತಮ್ಮ ತಪ್ಪು ಗೊತ್ತಾದವರು ಹೇಳುವ ರೀತಿಯಲ್ಲಿ ಹೇಳಲಿಲ್ಲ. ದುಃಖದಲ್ಲಿ ಏನೇನೋ ಮಾತಾಡುವವರಿಗೆ ಎದುರಾಡಬಾರದೆಂದು ಸುಮ್ಮನಾಗುತ್ತಾರಲ್ಲ, ಹಾಗೆ ಹೇಳಿದರು. ಪತ್ರ ಕಳಿಸುತ್ತೇನೆಂದು ಹೇಳಿ ಫೋನ್ ಇಟ್ಟರು.

ನಾನು ರಘುವಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬಂಥ ಅರ್ಥವಿಲ್ಲದ ಭಯ. ಅದರ ಮೇಲೆ, ಇಷ್ಟು ವರ್ಷದ ಆಸೆಯನ್ನು ಇಂಥ ಕಾರಣಕ್ಕೆ ಹೇಗೆ ಮುರಿಯುವುದು? ಎರಡು ವಾರ ಒದ್ದಾಡಿದೆ. ರಾತ್ರಿ ಪಕ್ಕದಲ್ಲಿ ಅವರ ಉಸಿರಾಟ ಕೇಳಿಸಿಕೊಳ್ಳುತ್ತಾ ಮಲಗುತ್ತಿದ್ದೆ. ಕೊನೆಗೆ ಒಂದು ದಿನ, ಆಫೀಸಿನಲ್ಲಿ ಏಪ್ರಿಲ್‌ಗೆ ರಜೆ ಕೊಡಲಿಲ್ಲ ಎಂದು ಸುಳ್ಳು ಹೇಳಿದೆ.

ಜಗಳಕ್ಕೆ ಸಿದ್ಧಳಾಗಿದ್ದೆ. ರಘು, "ಸರಿ ಬಿಡು. ಇನ್ನೊಂದ್ಸಲ ನೋಡೋಣ" ಎಂದು ಟಿವಿಯ ಕಡೆ ತಿರುಗಿದರು. ಅಷ್ಟೇ. ಆವತ್ತೇ ನಕ್ಷೆ ಮಡಚಿಟ್ಟಿದ್ದೂ ಅವರೇ. ಇಂಚರ ಮಾತ್ರ ಎರಡು ದಿನ ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟಳು.

ಏಪ್ರಿಲ್ ಬಂತು. ಏನಾದರೂ ಆಗುವುದಿದ್ದರೆ ನಾವು ಅಲ್ಲಿರಬೇಕಾಗಿದ್ದ ಆ ಒಂಬತ್ತು ದಿನಗಳಲ್ಲೇ ಆಗುತ್ತದೆ ಎಂದುಕೊಂಡು ನಾನು ರಘುವನ್ನು ಕಾದೆ. ಬೇರೆ ಮಾತು ಸಿಗುತ್ತಿಲ್ಲ, ಕಾದೆ. ಮಳೆಗಾಲ ಶುರುವಾಗಿತ್ತು. ರಸ್ತೆಯೆಲ್ಲ ನೀರು, ಎಲ್ಲಿಂದ ಬೇಕಾದರೂ ನುಗ್ಗುವ ಮಟಾಟು ವ್ಯಾನುಗಳು. ಆಫೀಸಿಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗಲು ಬಿಡಲಿಲ್ಲ, ಏನೋ ನೆಪ ತೆಗೆದು ಜೊತೆಗೆ ಹೋದೆ. ಕರೆನ್ ಬಡಾವಣೆಯಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಕರೆದಿದ್ದರು. ಅಷ್ಟು ದೂರ ಮಳೆಯಲ್ಲಿ ಬೇಡವೆಂದು ನನಗೆ ತಲೆನೋವು ಬರಿಸಿಕೊಂಡೆ. ಮಧ್ಯಾಹ್ನ ಎರಡು ಸಲ ಫೋನ್ ಮಾಡುತ್ತಿದ್ದೆ. ಅವರು ಎತ್ತುವುದು ಒಂದು ರಿಂಗ್ ತಡವಾದರೆ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದೆ.

ರಘು ಒಮ್ಮೆಯೂ ರೇಗಲಿಲ್ಲ. ಬದಲಿಗೆ ಅವರೇ ಸಂಜೆ ನನ್ನ ಆಫೀಸಿನ ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಫುಲ್ ಚೆಕಪ್ ಮಾಡಿಸ್ಕೊಂಡ್ಬಿಡು, ಎಷ್ಟು ವರ್ಷ ಆಯ್ತು?" ಎಂದು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ನಾನು ಒಬ್ಬಳೇ ತರಕಾರಿಗೆ ಹೊರಟರೆ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬರುತ್ತಿದ್ದರು. ಪ್ರವಾಸ ತಪ್ಪಿದ್ದಕ್ಕೆ ನನಗೆ ಬೇಜಾರಾಗಿದೆ, ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆ.

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ದೋಸೆ ಹಾಕುತ್ತಿದ್ದೆ. ಇಂಚರ ತಿಂದು ಮುಗಿಸಿ, "ಟುಡೇ ವಿ ವುಡ್ ಹ್ಯಾವ್ ಬೀನ್ ಫ್ಲೈಯಿಂಗ್ ಬ್ಯಾಕ್, ಯು ನೋ" ಎಂದು ಮುಖ ಊದಿಸಿಕೊಂಡು ಕೆಳಗೆ ಆಡಲು ಹೋದಳು. ಬಾಗಿಲು ಮುಚ್ಚಿದ ಶಬ್ದವಾದ ಮೇಲೆ ರಘು ತಟ್ಟೆ ಪಕ್ಕಕ್ಕೆ ಸರಿಸಿದರು.

"ನಿಂಗೊಂದು ವಿಷ್ಯ ಹೇಳ್ಬೇಕು ಕಣೆ. ನಗ್ಬೇಡ. ಇವತ್ತಿಗೆ ಮುಗೀತಲ್ಲ ಅಂತ ಹೇಳ್ತಿದೀನಿ."

ನಾನು ಒಲೆ ಆರಿಸಿದೆ.

"ಫೆಬ್ರವರೀಲಿ ಆಫೀಸಿಂದ ಆ ಪಿಲಾರ್‌ಗೆ ಫೋನ್ ಮಾಡಿದ್ದೆ. ಸ್ಟೇಡಿಯಂ ಎಷ್ಟು ದೂರ ಅಂತ ಕೇಳೋಣ ಅಂತ. ಆ ಯಮ್ಮ ನನ್ ದನಿ ಕೇಳ್ತಿದ್ದ ಹಾಗೇ, ಹೆಂಡ್ತಿ ಹೋದ್ಮೇಲೆ ಮಗೂನ ಒಬ್ನೇ ಹೇಗಪ್ಪಾ ನೋಡ್ಕೋತಿದೀಯ ಅಂದ್ಳು. ನಾನು ಮಗೂಗೆ ಹಾಕಿದ ಜಡೆ ನಿಲ್ತಾನೇ ಇರ್ಲಿಲ್ವಂತೆ, ದಿನಾ ಆ ಯಮ್ಮನೇ ಬಿಚ್ಚಿ ಹಾಕ್ತಿದ್ಲಂತೆ. ನಾವು ಬಂದೇ ಇಲ್ಲ ಅಂದ್ರೆ ಸಾರಿ ಅಂದ್ಳು. ನಾನು ಹೋಗೋದು ಬೇಡ ಅಂತ ಹೇಳೋಕೆ ದಾರಿ ಹುಡುಕ್ತಿದ್ದೆ, ಅಷ್ಟರಲ್ಲಿ ನೀನೇ ರಜೆ ಸಿಗ್ಲಿಲ್ಲ ಅಂದೆ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. "ಇಂಚರನ ಹೆಸರು ನೀವು ಹೇಳಿದ್ರಾ?"

"ಇಲ್ಲ. ಆ ಯಮ್ಮನೇ ಹೇಳಿದ್ದು. ಯಾಕೆ?"

ಆಗ ನನ್ನದನ್ನು ಹೇಳಿದೆ. ಫೋನಿನಲ್ಲಿ ಹಳೆಯ ಕರೆಗಳನ್ನು ತೆಗೆದು ದಿನ ನೋಡಿದೆವು. ಅವರು ಮಾಡಿದ್ದು ಗುರುವಾರ, ನಾನು ಮಾಡಿದ್ದು ಅದಾಗಿ ಎರಡು ದಿನಕ್ಕೆ. ಇಬ್ಬರೂ ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಒಬ್ಬರಿಗೊಬ್ಬರು ಹೇಳದೆ ಒಬ್ಬರನ್ನೊಬ್ಬರು ಕಾಯುತ್ತಿದ್ದೆವು.

ಮತ್ತೆ ಫೋನ್ ಮಾಡಿ, ಇಬ್ಬರೂ ಒಟ್ಟಿಗೆ ಮಾತಾಡಿ, ಏನಿದು ಎಂದು ಕೇಳಿಬಿಡೋಣವೆಂದು ರಘು ನಂಬರು ಒತ್ತತೊಡಗಿದರು. ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಒಟ್ಟಿಗೆ ಕೇಳಿದರೆ ಆಕೆ ಏನು ಹೇಳುತ್ತಾರೋ ಎಂಬುದು ನನಗೆ ಬೇಕಿರಲಿಲ್ಲ. ಅವರಿಗೂ ಬೇಕಿರಲಿಲ್ಲವೆಂದು ಕಾಣುತ್ತದೆ, ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

ಆಮೇಲೆ ನಾನೇ ಕೇಳಿದೆ. "ನಾನು ಹೋಗಿದ್ದು ಯಾವಾಗ ಅಂತ ಹೇಳಿದ್ಲಾ?"

"ಕೇಳ್ಲಿಲ್ಲ. ನಿಂಗೆ?"

ನಾನೂ ಕೇಳಿರಲಿಲ್ಲ. ಆ ಒಂಬತ್ತು ದಿನ ಎಂಬುದು ನಾವೇ ಮಾಡಿಕೊಂಡ ಲೆಕ್ಕವಾಗಿತ್ತು.

ಇದೆಲ್ಲ ನಡೆದು ಎಷ್ಟೋ ವರ್ಷವಾಯಿತು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಬಾರ್ಸಿಲೋನಾಕ್ಕೆ ಹೋಗಲಿಲ್ಲ. ಮುದುಕಿಗೆ ಅರಳುಮರುಳು ಎಂದುಕೊಂಡು ನೋಡಿದೆ, ಯಾರೋ ನಮ್ಮನ್ನು ಬಲ್ಲವರ ಕುಚೇಷ್ಟೆ ಎಂದುಕೊಂಡು ನೋಡಿದೆ. ಮಂಚಕ್ಕೆ ಒಂದು ವಿವರಣೆ ಸಿಕ್ಕರೆ ಜಡೆಗೆ ಸಿಗುವುದಿಲ್ಲ, ಜಡೆಗೆ ಸಿಕ್ಕರೆ ಹೆಸರಿಗೆ ಸಿಗುವುದಿಲ್ಲ. "ಎರಡೂ ನಿಜ ಆಗೋಕೆ ಸಾಧ್ಯಾನೇ ಇಲ್ವಲ್ಲ" ಎಂದು ರಘು ನನಗೆ ಸಮಾಧಾನ ಹೇಳುತ್ತಾರೆ. ನಾನು ಹೌದು ಎನ್ನುತ್ತೇನೆ. ಒಂದು ಆಗಬಹುದಲ್ಲ ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.