ಭಾವನ ಎದೆಯುರಿ, ಅಕ್ಕನ ಅಡುಗೆ

ತವರಿನಲ್ಲಿ ನನ್ನ ಅಕ್ಕನ ಕೈರುಚಿಗೆ ಸೋಲದವರಿರಲಿಲ್ಲ. ಊಟ ಮುಗಿದ ಮೇಲೂ ಅಪ್ಪ ಬೆರಳು ನೆಕ್ಕುತ್ತಾ ಕೂತಿರುತ್ತಿದ್ದರು. ಅಂಥವಳು ಮದುವೆಯಾಗಿ ಹೋಗಿ ಒಂದು ವರ್ಷ ತುಂಬುವುದರೊಳಗೆ ಗಂಡನ ಎದೆಗೆ ಬೆಂಕಿ ಇಟ್ಟವಳು ಎನಿಸಿಕೊಂಡಳು.

ಭಾವ ದರ್ಜಿ, ಮನೆಯ ಮುಂಭಾಗದಲ್ಲೇ ಅಂಗಡಿ. ದಿನವಿಡೀ ಮೇಜಿನ ಮೇಲೆ ಬಗ್ಗಿ ಬಟ್ಟೆ ಕತ್ತರಿಸುವಾಗ ಉಂಡದ್ದು ಹುಳಿಯಾಗಿ ಗಂಟಲಿಗೆ ಬರುತ್ತಿತ್ತು. ಎದೆ ಒತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿ, "ಏನು ಹಾಕಿದ್ದೀಯ ಇದಕ್ಕೆ?" ಎನ್ನುತ್ತಿದ್ದ. ಗಿರಾಕಿಗಳ ಮುಂದೆಯೂ ಅದೇ ಮಾತು. ಅಕ್ಕ ಮೊದಲು ಖಾರ ಬಿಟ್ಟಳು, ಆಮೇಲೆ ಹುಳಿ, ಆಮೇಲೆ ಎಣ್ಣೆ. ಬರೀ ಬೇಯಿಸಿದ್ದನ್ನು ತಾನೂ ತಿಂದಳು. ಮಲಗಿದಾಗ ಹುಳಿ ಮೇಲೆ ಬಾರದಿರಲೆಂದು ಮಂಚದ ತಲೆಭಾಗಕ್ಕೆ ಇಟ್ಟಿಗೆ ಕೊಟ್ಟಳು. ಉರಿ ತಗ್ಗಿದರೆ ಅದು ಮಾತ್ರೆಯ ಗುಣ, ಎದ್ದರೆ ಅಕ್ಕನ ಅಡುಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಇಪ್ಪತ್ತು ವರ್ಷ ಕೇಳಿ ಕೇಳಿ ಕೊನೆಗೆ ಅಕ್ಕನೇ ಅದನ್ನು ನಂಬಿದಳು. ನಮ್ಮ ಮನೆಗೆ ಬಂದರೂ ಒಲೆ ಮುಟ್ಟುತ್ತಿರಲಿಲ್ಲ. "ಬೇಡ, ನನ್ನ ಕೈ ಒಳ್ಳೇದಲ್ಲ" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾತ್ರೆಯೂ ನಾಟದಾದಾಗ ಮೂವರೂ ದೊಡ್ಡ ಆಸ್ಪತ್ರೆಗೆ ಹೋದೆವು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದ ಸರ್ಜನ್, ಅನ್ನನಾಳದ ಬುಡದ ಬಿಗಿ ಸಡಿಲವಾಗಿದೆ, ಹೊಟ್ಟೆಯ ತುದಿ ಎದೆಯೊಳಕ್ಕೆ ಜಾರಿದೆ ಎಂದರು. ದೊಡ್ಡದಾಗಿ ಕೊಯ್ಯಬೇಕಿಲ್ಲ. ಐದು ಸಣ್ಣ ತೂತು ಮಾಡಿ, ಜಾರಿದ್ದನ್ನು ಕೆಳಗೆಳೆದು, ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿದರೆ ಸಾಕು. "ನೀವು ಕಾಲರ್ ಕೂರಿಸ್ತೀರಲ್ಲ, ಹಾಗೆ" ಎಂದರು.

ಅಕ್ಕ ಕೈಚೀಲ ಹಿಂಡುತ್ತಾ ಕೇಳಿದಳು. "ಡಾಕ್ಟ್ರೇ, ಇದು ನನ್ನ ಅಡುಗೆಯಿಂದ ಆಗಿದ್ದಾ?"

"ಇಲ್ಲಮ್ಮ. ಖಾರ ತಿಂದ್ರೆ ಉರಿ ಸ್ವಲ್ಪ ಜಾಸ್ತಿ ಆಗಬಹುದು, ಅಷ್ಟೇ. ಕಾಯಿಲೆ ಅವರ ಹೊಟ್ಟೇದು."

ಅಕ್ಕ ಭಾವನ ಮುಖ ನೋಡಿದಳು. 'ಸುಮ್ಮಸುಮ್ಮನೆ ನಿನ್ನನ್ನು ಅಂದೆ' ಎಂಬ ಒಂದು ಮಾತು ಅವಳಿಗೆ ಬೇಕಿತ್ತು. ಭಾವ, "ಹೊಲಿಗೆ ಬಿಚ್ಚಿಕೊಳ್ಳಲ್ಲ ತಾನೇ?" ಎಂದು ಡಾಕ್ಟರನ್ನು ಕೇಳಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರಗಟ್ಟಲೆ ಅಕ್ಕ ಬೇಯಿಸಿ, ಸೋಸಿ, ಚಮಚದಲ್ಲಿ ಕುಡಿಸಿದಳು. "ಹುಷಾರಾಗಲಿ, ಆಮೇಲೆ ಹೇಳ್ತಾರೆ" ಎಂದು ನನಗೇ ಸಮಾಧಾನ ಹೇಳಿದಳು. ಉರಿ ಪೂರ್ತಿ ನಿಂತ ಮೇಲೆ ಭಾವ ಮಂಚದ ಇಟ್ಟಿಗೆ ತೆಗೆದು ಹೊರಗೆ ಹಾಕಿ, ತನ್ನ ಕಡೆಯವರನ್ನೆಲ್ಲ ಊಟಕ್ಕೆ ಕರೆದ. ಎಲ್ಲರ ಮುಂದಾದರೂ ಹೇಳುತ್ತಾನೆ ಎಂದುಕೊಂಡಳು ಅಕ್ಕ. ಅಷ್ಟು ವರ್ಷದ ಮೇಲೆ ಖಾರ, ಹುಳಿ ಮುಟ್ಟಿದಳು. ಪಾಪ, ಧೈರ್ಯ ಸಾಲದೆ ಒಂದೊಂದನ್ನೂ ನನ್ನ ನಾಲಿಗೆಗೆ ಹಚ್ಚಿ ಕೇಳಿದಳು. ಬಂದವರು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

"ಈಗ ಹೇಗಿದೆಯೋ?" ಎಂದು ಭಾವನ ಅಣ್ಣ ಕೇಳಿದರು.

ಭಾವ ಹೊಟ್ಟೆ ಸವರಿಕೊಂಡ. "ಈಗ ಇವಳ ಅಡುಗೇನೂ ಅರಗಿಸ್ಕೋತೀನಿ. ಅದಕ್ಕೇ ಅಲ್ವಾ ಆಪರೇಷನ್ ಮಾಡಿಸಿದ್ದು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಅವನ ತಟ್ಟೆಗೆ ಇನ್ನಷ್ಟು ಬಡಿಸಿ ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ಡಾಕ್ಟ್ರು ಹೇಳಿದ್ದನ್ನ ನೀನು ಹೇಳದಿದ್ರೆ ನಾನೇ ಹೇಳ್ತೀನಿ."

ಅಕ್ಕ ಸೌಟು ಕೆಳಗಿಟ್ಟಳು. "ಯಾರಿಗೆ ಹೇಳ್ತೀಯ? ಇಷ್ಟು ವರ್ಷ ಗೊತ್ತಿಲ್ಲದೆ ಅಂದ್ರು, ತಡ್ಕೊಂಡೆ. ಇವತ್ತು ಗೊತ್ತಿದ್ದೂ ಅಂದ್ರಲ್ಲ."