ಐದರಿಂದ ಶುರುವಾಗುವ ಬ್ಯುರೆಟ್ಟು

ಬೆಳಗಿನ ಐದೂ ಮುಕ್ಕಾಲು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಹಿಂಬಾಗಿಲು ತೆರೆದು ಗಾಜಕ್ಕ ಮೊದಲು ಮಾಡುವ ಕೆಲಸ ದೀಪ ಹಾಕುವುದಲ್ಲ, ಮೂಸಿ ನೋಡುವುದು. ಆಮ್ಲದ ಬಾಟಲಿ ಸೋರಿದ್ದರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ ಎನ್ನುವುದು ಅವರ ಇಪ್ಪತ್ತಾರು ವರ್ಷದ ಅನುಭವ. ಇವತ್ತು ಕೋಣೆಯಲ್ಲಿ ಎಲ್ಲ ಸರಿಯಿದೆ. 

ಒಂಬತ್ತೂವರೆಗೆ ಇದೇ ಕೋಣೆಯಲ್ಲಿ ವಿಜ್ಞಾನ ವಿಭಾಗಕ್ಕೆ ಸೇರುವವರ ಪ್ರಾಯೋಗಿಕ ಪರೀಕ್ಷೆ. ಬರುವ ನಲವತ್ತು ಮಕ್ಕಳಲ್ಲಿ ಲಾಂಡ್ರಿ ಓಣಿಯವಳು ಒಬ್ಬಳೇ, ಹದಿನಾರರ ಹುಡುಗಿ. ಏನು ಹೇಳಿದರೂ ‘ಯಾಕೆ’ ಎನ್ನುವುದರಿಂದ ಅವಳ ಹೆಸರೇ ಯಾಕಮ್ಮ ಎಂದಾಗಿಬಿಟ್ಟಿದೆ. ಇಸ್ತ್ರಿ ಕೆಲಸದ ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದಾನೆ: “ಪಾಸಾದ್ರೆ ಓದ್ಲಿ. ಇಲ್ಲಾಂದ್ರೆ ನಾಳೆಯಿಂದ ನನ್ನ ಪಕ್ಕ ಇಸ್ತ್ರಿ ಮೇಜಿಗೆ ನಿಲ್ಲಲಿ. ಓಣಿಯವರು ನಗೋದನ್ನ ನೋಡ್ಕೊಂಡು ಕೂರೋಕೆ ನನ್ನಿಂದ ಆಗಲ್ಲ.”

ಗಾಜಕ್ಕ ಮೇಷ್ಟ್ರಲ್ಲ. ಹುದ್ದೆಯ ಹೆಸರು ಸಹಾಯಕಿ. ಕೆಲಸ ಗಾಜು ತೊಳೆಯುವುದು. ದಿನಕ್ಕೆ ಮುನ್ನೂರು ಪ್ರನಾಳ, ಅರವತ್ತು ಫ್ಲಾಸ್ಕು, ಹಿಡಿದಿಟ್ಟರೂ ನಿಲ್ಲದ ಸೊಂಟನೋವು. ಅವರೂ ಅದೇ ಓಣಿಯಲ್ಲಿ ಹುಟ್ಟಿದವರು. ಶಾಲೆಯಲ್ಲಿ ಪ್ರಯೋಗ ತೋರಿಸುವಾಗ ಓಣಿಯ ಹುಡುಗಿಯರೆಲ್ಲ ಹಿಂದೆ, ಬಾಗಿಲ ಹತ್ತಿರ ನಿಲ್ಲಬೇಕಿತ್ತು. “ಮುಂದೆ ಏನಾಗ್ತಿದೆ ಅಂತ ಕಾಣ್ತಿರ್ಲಿಲ್ಲ. ಮುಂದಿನವರು ‘ಓಹೋ’ ಅಂದ್ರೆ ನಾವೂ ‘ಓಹೋ’ ಅಂತಿದ್ವಿ” ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ, ತೊಳೆಯುವ ಜಾಗ ತರಗತಿಯ ಹಿಂದೆಯೇ ಇದ್ದದ್ದರಿಂದ, ಕೈ ನೀರಿನಲ್ಲಿಟ್ಟು ಕಿವಿ ಪಾಠದಲ್ಲಿಟ್ಟು ಎಲ್ಲ ಕಲಿತರು.

ಎಂಟು ವರ್ಷದ ಹಿಂದೆ ಓಣಿಯ ಹುಡುಗಿಯರಿಗೆ ಬೆಳಿಗ್ಗೆ ಎರಡು ಗಂಟೆಗಳ ಕಾಲ ಹೇಳಿಕೊಡುತ್ತೇನೆ ಎಂದು ಪಟ್ಟು ಹಿಡಿದಾಗ ಪ್ರಾಂಶುಪಾಲರು ಒಪ್ಪಿದರು, ಒಂದು ಷರತ್ತಿನ ಮೇಲೆ: ಒಡೆದ ಸಾಮಾನು ಮಾತ್ರ ಮುಟ್ಟಬೇಕು. ಎಂಥಾ ಔದಾರ್ಯ! ಇದುವರೆಗೆ ಬಂದವರು ಮೂವತ್ತೊಂದು ಹುಡುಗಿಯರು. ಅರ್ಧದಲ್ಲೇ ಬಿಟ್ಟವರು ಹದಿನೆಂಟು. ಈ ಪರೀಕ್ಷೆಯ ಮೆಟ್ಟಿಲು ಹತ್ತಿದವರಲ್ಲಿ ಯಾಕಮ್ಮನೇ ಮೊದಲಿಗಳು.

ಆ ಒಡೆದ ಸಾಮಾನಿನಲ್ಲಿ ಒಂದು ಬ್ಯುರೆಟ್ಟಿದೆ: ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಉದ್ದನೆಯ ಗಾಜಿನ ಕೊಳವೆ. ಗುರುತುಗಳು ಮೇಲಿನಿಂದ ಕೆಳಕ್ಕೆ, ಸೊನ್ನೆಯಿಂದ ಐವತ್ತು. ಇದರ ನೆತ್ತಿ ಮುರಿದು ಸೊನ್ನೆಯೇ ಹಾರಿಹೋಗಿದೆ. ಕೈ ಕುಯ್ಯದಿರಲೆಂದು ಅಂಚಿಗೆ ಗಾಜಕ್ಕ ಬಟ್ಟೆಯ ಪಟ್ಟಿ ಸುತ್ತಿದ್ದಾರೆ. ಐದರ ಗುರುತಿನವರೆಗೆ ತುಂಬಿಸು, ಕೊನೆಯ ಅಳತೆಯಲ್ಲಿ ಐದು ಕಳೆ. ಅವರ ಹುಡುಗಿಯರೆಲ್ಲ ಕಲಿತದ್ದು ಹೀಗೆ. ಇನ್ನೊಂದು ಪಾಠವೂ ಇದೆ: ತಪ್ಪಾದರೆ ಅಳಿಸಬಾರದು. ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಕಾರಣ ಬರೆಯಬೇಕು. “ಅಳಿಸಿದ್ರೆ ತಪ್ಪು ಹೋಗಲ್ಲ ಕಣ್ರೇ, ಎಲ್ಲಿ ತಪ್ಪಿದ್ವಿ ಅನ್ನೋದು ಹೋಗ್ಬಿಡುತ್ತೆ.”

ಪರೀಕ್ಷೆ ಶುರುವಾಗುತ್ತದೆ. ನೀರು, ಬಾಟಲಿ ಒದಗಿಸುತ್ತ ಗಾಜಕ್ಕ ಮೇಜುಗಳ ನಡುವೆ ಓಡಾಡುತ್ತಿದ್ದಾರೆ. ಅಭ್ಯರ್ಥಿಯ ಜೊತೆ ಒಂದು ಮಾತಾಡಿದರೂ ಅಭ್ಯರ್ಥಿ ಹೊರಗೆ. ನಿಯಮವನ್ನು ಗೋಡೆಗೇ ಅಂಟಿಸಿದ್ದಾರೆ. ಯಾಕಮ್ಮನ ಮುಂದೆ ಹೊಚ್ಚ ಹೊಸ ಬ್ಯುರೆಟ್ಟು. ಸೊನ್ನೆಯವರೆಗೆ ತುಂಬಿಸಿದಳು. ಫ್ಲಾಸ್ಕಿನ ದ್ರಾವಣ ತಿಳಿಗುಲಾಬಿಯಾದ ತಕ್ಷಣ ನಿಲ್ಲಿಸಿದಳು. ಭೇಷ್, ಒಂದು ಹನಿ ಹೆಚ್ಚಿಲ್ಲ. ಗುರುತು ಹದಿನೆಂಟೂವರೆಯಲ್ಲಿದೆ. ಅವಳು ಹಾಳೆಯಲ್ಲಿ ಬರೆದದ್ದು ಹದಿಮೂರೂವರೆ.

ನೀರಿಡಲು ಹೋದ ಗಾಜಕ್ಕನ ಎದೆ ಧಸಕ್ಕೆನ್ನುತ್ತದೆ. ಐದು ಕಳೆದುಬಿಟ್ಟಿದ್ದಾಳೆ! ಎರಡನೆಯ ಸಲ ಮಾಡಿದಳು, ಮತ್ತೆ ಹದಿಮೂರೂವರೆ. ಎರಡೂ ತಾಳೆಯಾದದ್ದೇ ಹುಡುಗಿಯ ಮುಖದಲ್ಲಿ ನೆಮ್ಮದಿ. ಇನ್ನು ಹನ್ನೆರಡು ನಿಮಿಷ. ಒಂದು ಮಾತು ಸಾಕು, ಒಂದು ಕೆಮ್ಮು ಸಾಕು. ಆದರೆ ಕೆಮ್ಮಿ ಗೆಲ್ಲಿಸಿದರೆ ಎಂಟು ವರ್ಷ ಹೇಳಿಕೊಟ್ಟದ್ದೇನು? ಗಾಜಕ್ಕ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ, ತೊಳೆದಿದ್ದ ಫ್ಲಾಸ್ಕನ್ನೇ ಮತ್ತೆ ತೊಳೆಯುತ್ತ ನಿಲ್ಲುತ್ತಾರೆ. ಆ ಕೋಣೆಯಲ್ಲಿ ಅವರಿಗೆ ಇಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಐದು ನಿಮಿಷ ಉಳಿದಾಗ ಯಾಕಮ್ಮ ಬ್ಯುರೆಟ್ಟನ್ನು ಕಳಚಿ ತೊಳೆಯಲು ಎತ್ತುತ್ತಾಳೆ. ಅಭ್ಯಾಸದಂತೆ ಅವಳ ಹೆಬ್ಬೆರಳು ಅಂಚಿನ ಬಟ್ಟೆಪಟ್ಟಿಯನ್ನು ಹುಡುಕುತ್ತದೆ. ಪಟ್ಟಿಯಿಲ್ಲ. ನುಣ್ಣಗಿನ ಗಾಜು. ಬೆರಳು ಅಲ್ಲೇ ನಿಲ್ಲುತ್ತದೆ. “ಯಾಕೆ...” ಎಂದು ಅವಳು ತನ್ನಷ್ಟಕ್ಕೇ ಗೊಣಗಿದ್ದು ಮೂಲೆಯವರೆಗೂ ಕೇಳುತ್ತದೆ. ಮರುಕ್ಷಣ ಪೆನ್ನಿನ ಸದ್ದು.

ಸಮಯ ಮುಗಿದ ಮೇಲೆ ಹಾಳೆಗಳನ್ನು ನೋಡುತ್ತಿದ್ದ, ಹೊರಗಿನಿಂದ ಬಂದ ಪರೀಕ್ಷಕಿ ಯಾಕಮ್ಮನ ಹಾಳೆಯಲ್ಲಿ ಒಂದೇ ಗೆರೆ ಹೊಡೆದ ಹದಿಮೂರೂವರೆಯ ಪಕ್ಕದ ಬರಹವನ್ನು ಗಟ್ಟಿಯಾಗಿ ಓದುತ್ತಾರೆ: “ಅಭ್ಯಾಸದ ಬ್ಯುರೆಟ್ಟು ಐದರವರೆಗೆ ಒಡೆದಿತ್ತು, ಐದು ಕಳೆದು ರೂಢಿ. ಇದು ಒಡೆದಿಲ್ಲ. ಕಳೆಯಬಾರದು. ಸರಿಯಾದ ಉತ್ತರ ಹದಿನೆಂಟೂವರೆ.” ತಲೆಯೆತ್ತಿ, “ಒಡೆದದ್ದರಲ್ಲಿ ಯಾರಮ್ಮ ನಿನಗೆ ಕಲಿಸಿದ್ದು?” ಯಾಕಮ್ಮ ಮೂಲೆಯ ಕಡೆ ಕಣ್ಣು ಹೋಗದಂತೆ ತಲೆ ತಗ್ಗಿಸುತ್ತಾಳೆ. ಹೆಸರು ಹೇಳಿದರೆ ಗಾಜಕ್ಕನ ಕೆಲಸಕ್ಕೆ ಕುತ್ತು ಎಂಬ ಹೆದರಿಕೆ ಅವಳಿಗೆ.

“ನಾನು ಮೇಡಂ” ಎನ್ನುತ್ತ ಗಾಜಕ್ಕ ಮೂಲೆಯಿಂದ ಮುಂದೆ ಬರುತ್ತಾರೆ.

“ನೀವು ಇಲ್ಲಿ ಲೆಕ್ಚರರಾ?”

“ಅಲ್ಲ ಮೇಡಂ, ಗಾಜು ತೊಳೆಯೋಳು.”

ಪರೀಕ್ಷಕಿ ಆ ಬ್ಯುರೆಟ್ಟನ್ನು ತರಿಸಿಕೊಳ್ಳುತ್ತಾರೆ. ಕೊಳೆಯಾದ ಬಟ್ಟೆಪಟ್ಟಿಯ ಮೇಲೆ ಬೆರಳಾಡಿಸಿ, “ಇದರಲ್ಲಾ?” ಎಂದಷ್ಟೇ ಕೇಳಿ, ಹಾಳೆಯ ಕೆಳಗೆ ಏನೋ ಬರೆದು ಮುಂದಿನದನ್ನು ಎತ್ತಿಕೊಳ್ಳುತ್ತಾರೆ.

ನಾಲ್ಕು ಗಂಟೆಗೆ ಪಟ್ಟಿ ಅಂಟಿಸುತ್ತಾರೆ. ಯಾಕಮ್ಮನ ನಂಬರು ಮೇಲಿನಿಂದ ಆರನೆಯದು. ಗೇಟಿನ ಹೊರಗೆ ನಿಂತಿದ್ದ ಇಸ್ತ್ರಿಯಪ್ಪ ಪಟ್ಟಿಯನ್ನು ಮೂರು ಸಲ ಮಗಳಿಂದಲೇ ಓದಿಸುತ್ತಾನೆ. ಆಮೇಲೆ ಗಾಜಕ್ಕನ ಕಡೆ ನೋಡಲಾರದೆ, “ನಾಳೆ ಮೇಜಿಗೆ ನಾನೊಬ್ಬನೇ ಸಾಕು ಬಿಡಿ” ಎಂದು ಬೇರೆಲ್ಲೋ ನೋಡುತ್ತ ಹೇಳುತ್ತಾನೆ. ಅವನ ಕಣ್ಣು ಒದ್ದೆಯಾಗಿದೆ.

ಎಲ್ಲರೂ ಹೋದ ಮೇಲೆ ನಲವತ್ತು ಮಕ್ಕಳ ಗಾಜು ತೊಳೆಯಲು ಬಾಕಿ. ನಿಮಗೇನು ಬೇಕು ಎಂದು ಕೇಳಿದರೆ ಗಾಜಕ್ಕ ಹೇಳುವುದಿಷ್ಟು: “ಪರೀಕ್ಷೆಗೆ ಮುಂಚೆ ಒಂದೇ ಒಂದು ದಿನ, ಒಡೆಯದ ಬ್ಯುರೆಟ್ಟು ಮುಟ್ಟೋಕೆ ನಮ್ಮ ಹುಡುಗೀರಿಗೆ ಬಿಟ್ರೆ ಸಾಕು.” ನಲ್ಲಿ ತಿರುಗಿಸಿ, ಯಾಕಮ್ಮ ಬಳಸಿದ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

“ಐದು ಕಳೆಯೋ ತಪ್ಪು ಕಲಿಸಿದ್ದು ನಾನು. ತಿದ್ಕೊಂಡಿದ್ದು ಮಾತ್ರ ಅವಳೇ.”